ಡಂಬಳದ ಕೆರೆ ಗುಡ್ಡದಲ್ಲೇ ಶುರು
ಡಂಬಳದ ಕೆರೆಯ ಒಡ್ಡಿನ ಮೇಲೆ ನಿಂತು ಪಡುವಣಕ್ಕೆ ನೋಡಿ, ಕಪ್ಪತಗುಡ್ಡ. ಈ ಕೆರೆಯ ಆಯುಷ್ಯ ಅಲ್ಲಿನ ಹುಲ್ಲಿನ ಕೈಯಲ್ಲಿದೆ ಎಂಬುದು ನನ್ನ ವಾದ. ಈ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಬಂದರೆ ಒಮ್ಮೆಲೇ ಸುರಿಯುತ್ತದೆ. ಬೋಳು ನೆಲಕ್ಕೆ ಬಿದ್ದ ಹನಿ ಮಣ್ಣನ್ನೇ ಎಬ್ಬಿಸಿ, ಹೊತ್ತು ತಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಗುಡ್ಡದ ಬಾದೆಹುಲ್ಲು ಇರುವಲ್ಲಿ ಅದೇ ಹನಿ ಎಸಳಿನ ಮೇಲೆ ಒಡೆದು, ನಿಧಾನಕ್ಕೆ ಜಾರಿ, ಬೇರಿನ ಸಂದಿಗೆ, ಗೆದ್ದಲು ಕೊರೆದ ತೂತಿಗೆ ಇಳಿಯುತ್ತದೆ. ಗೆದ್ದಲಿಗೆ ಒಣಹುಲ್ಲೇ ಊಟ. ಅದು ಕೊರೆದ ದಾರಿಯಲ್ಲೇ ಹುಲ್ಲಿನ ಬೇರಿಗೆ ನೀರು.

ಒಣಹುಲ್ಲಿಗೆ ಬೆಂಕಿ ಹಚ್ಚಿದರೆ ಹೊಸ ಚಿಗುರು ಬರುತ್ತದಲ್ಲ ಎನ್ನುವವರಿದ್ದಾರೆ. ಚಿಗುರು ಬರುವುದು ನಿಜ, ದನ-ಕುರಿ ಸಾಕಿದವರ ಕಷ್ಟವೂ ನಿಜ. ಆದರೆ ಬೆಂಕಿಯ ಬೆನ್ನಿಗೇ ದೊಡ್ಡ ಮಳೆ ಬಂದರೆ, ಚಿಗುರೊಡೆಯುವ ಮೊದಲೇ ಮಣ್ಣು ಹೋಗಿರುತ್ತದೆ. ಹುಲ್ಲು ಮರುವರ್ಷ ಬಂದೀತು. ಬೆರಳುದ್ದ ಮಣ್ಣಾಗಲು ನೂರಾರು ವರ್ಷ ಬೇಕು. ಗುಡ್ಡದಲ್ಲಿ ಗಣಿಗಾರಿಕೆ ಬಂದರಂತೂ ಅದು ಹುಲ್ಲನ್ನು ಬೇರುಸಹಿತ ಕೀಳುತ್ತದೆ. ಅದಕ್ಕೇ 2017ರಲ್ಲಿ ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಗುಡ್ಡಕ್ಕಾಗಿ ಧರಣಿ ಕೂತರು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಆದರೆ ಕೆರೆಗೆ ಬರುವ ನೀರು ಧಾಮದ ಗಡಿ ದಾಟಿ ಹೊಲಗಳ ನಡುವೆ ಹರಿದು ಬರುತ್ತದೆ; ಅಲ್ಲಿ ಬದುವಿನ ಹುಲ್ಲಿಗೂ ಮಣ್ಣು ಹಿಡಿಯುವ ಇದೇ ಕೆಲಸ.