ಗಂಡನ ಪಾಲಿನ ಮಾತ್ರೆ

ನನ್ನ ಮುಂದೆ ಬಂದು ಕೂತ ಹೆಣ್ಣುಮಕ್ಕಳು ಮೊದಲು ಸೊಂಟನೋವು ಅಂತಾರೆ, ಆಮೇಲೆ ನಿಶ್ಶಕ್ತಿ ಅಂತಾರೆ. ಎದ್ದು ಬಾಗಿಲು ಮುಂದೆ ಮಾಡಿದ ಮೇಲೆ ಸೆರಗು ಬಾಯಿಗೆ ಹಿಡಿದು, "ಬಿಳಿ ಹೋಗ್ತದ್ರಿ ಅಕ್ಕೋರ" ಅಂತಾರೆ. ಸರ್ಕಾರಿ ದವಾಖಾನೆಯಲ್ಲಿ ಆಪ್ತಸಮಾಲೋಚಕಿಯಾಗಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರ ಮಾತು ಕೇಳುತ್ತ ಬಂದವಳು ನಾನು. ರೋಗಕ್ಕಿಂತ ಈ ಮುಚ್ಚುಮರೆಗೇ ನಮ್ಮ ಜನ ಹೆಚ್ಚು ದುಡ್ಡು ಸುರಿಯುತ್ತಾರೆ.

ಭೀಮಾ ದಂಡೆಯ ಊರಿನ ಒಬ್ಬಾಕೆ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲೆ ಸುರಿದಳು. ಅರ್ಧ ಖಾಲಿಯಾದ ಮಾತ್ರೆ ಹಾಳೆಗಳು, ಟಾನಿಕ್ ಬಾಟಲಿ, ಖಾಸಗಿ ವೈದ್ಯರ ಚೀಟಿಗಳು. ಹೋದಲ್ಲೆಲ್ಲ ಸಲಾಯಿನ್ ಏರಿಸಿದ್ದರು, ಎಲ್ಲಿಯೂ ಗಂಡನ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಕಿವಿಯ ಬೆಂಡೋಲೆ ಒತ್ತೆ ಬಿದ್ದಿತ್ತು, ಸಂಘದ ಸಾಲದ ಕಂತು ನಿಂತಿತ್ತು. ತೊಗರಿ ರಾಶಿಯ ದಿನಗಳಲ್ಲಿ ಕಿಬ್ಬೊಟ್ಟೆ ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದಕ್ಕೆ ಹೋದ ಕೂಲಿ ಬೇರೆ. ಮಾತ್ರೆ ನುಂಗಿದಾಗ ಕಡಿಮೆಯಾಗುತ್ತಿತ್ತಂತೆ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ ಗಂಡ ಎಳ್ಳ ಅಮಾವಾಸ್ಯೆಗೋ ಯುಗಾದಿಗೋ ಬಂದು ಹೋದ ಮೇಲೆ ಮತ್ತೆ ಶುರು.

"ಅವರಿಗೂ ಮಾತ್ರೆ ಕೊಡಬೇಕವ್ವಾ" ಅಂದೆ.

"ಅವರಿಗೇನಾಗ್ಯದ್ರಿ? ಗಟ್ಟಿ ಅದಾರ."

ಕೂಡುವಾಗ ಒಬ್ಬರಿಂದೊಬ್ಬರಿಗೆ ಅಂಟುವ ಗೊನೊರಿಯಾ, ಕ್ಲಮೈಡಿಯಾದಂಥ ಸೋಂಕುಗಳು ಮೈಯೊಳಗೆ ಸದ್ದಿಲ್ಲದೆ ಕೂರುತ್ತವೆ. ಎಷ್ಟೋ ಜನರಿಗೆ ಉರಿಯೂ ಇಲ್ಲ, ಕೀವೂ ಇಲ್ಲ. ಹೆಂಗಸರಲ್ಲಂತೂ ಗರ್ಭಕೋಶ ದಾಟಿ ಗರ್ಭನಾಳಕ್ಕೆ ಏರಿದ ಮೇಲೆ ನೋವು ಕಾಣಿಸಬಹುದು. ನಾಳ ಮುಚ್ಚಿಕೊಂಡರೆ ಮಕ್ಕಳಾಗುವುದು ಕಷ್ಟ. ಆಗ ಕಲಬುರಗಿ, ಸೊಲ್ಲಾಪುರದ ಆಸ್ಪತ್ರೆಗಳ ಅಲೆದಾಟ, ಹೊಲದ ಮೇಲೆ ಸಾಲ, ಕೊನೆಗೆ ಬಂಜೆ ಎಂಬ ಮಾತು. ಆ ಮಾತನ್ನು ಹೆಣ್ಣೊಬ್ಬಳೇ ಹೊರುವುದು ನನಗೆ ಸಹಿಸಲಾಗದ ಅನ್ಯಾಯ.

ಬಿಳಿ ಹೋಗುವುದೆಲ್ಲ ಲೈಂಗಿಕ ರೋಗವಲ್ಲ ಎಂಬುದನ್ನೂ ಹೇಳಬೇಕು. ಸ್ವಲ್ಪ ಸ್ರಾವ ಸಹಜ, ಶಿಲೀಂಧ್ರದಿಂದಲೂ ತುರಿಕೆ ಬರುತ್ತದೆ. ವಾಸನೆ, ಹುಣ್ಣು, ಕಿಬ್ಬೊಟ್ಟೆ ನೋವು, ಕೂಡುವಾಗ ನೋವು ಇದ್ದರೆ ತಡಮಾಡಬಾರದು.

ಸರ್ಕಾರದ ಸುರಕ್ಷಾ ಕ್ಲಿನಿಕ್ಕಿನಲ್ಲಿ ಔಷಧ ಪುಕ್ಕಟೆ, ಬಣ್ಣಬಣ್ಣದ ಪೊಟ್ಟಣಗಳಲ್ಲಿ ಬರುತ್ತದೆ. ಆಕೆಗೆ ಕಿಬ್ಬೊಟ್ಟೆ ನೋವಿನ ಹಳದಿ ಪೊಟ್ಟಣ ಸಿಕ್ಕಿತು, ಹದಿನಾಲ್ಕು ದಿನ ಬಿಡದೆ ನುಂಗಬೇಕಾದದ್ದು. ಗಂಡನ ಪಾಲಿನದು ಬೂದು ಬಣ್ಣದ್ದು. ಈ ಕ್ಲಿನಿಕ್ಕುಗಳು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದವು, ಮಹಾರಾಷ್ಟ್ರದಲ್ಲೂ ಇವೆ. ಹಾಗಾಗಿ ಗಂಡ ಹಬ್ಬಕ್ಕೆ ಬರಲಿ ಎಂದು ಕಾಯಬೇಕಿಲ್ಲ. ಫೋನಿನಲ್ಲಿ ಆತನೊಂದಿಗೆ ನಾನೇ ಮಾತಾಡಿದೆ. ಯಾರಿಂದ ಬಂತು ಎಂದು ಕೇಳಲಿಲ್ಲ. ಆ ಪ್ರಶ್ನೆ ಎತ್ತಿದರೆ ಫೋನು ಕಟ್ಟಾಗುತ್ತದೆ, ಇಲ್ಲಿ ಹೆಂಡತಿಗೆ ಏಟು ಬೀಳುತ್ತದೆ. "ನೀವೂ ನುಂಗದಿದ್ದರೆ ಈಕೆ ನುಂಗಿದ್ದು ವ್ಯರ್ಥ ಆಗ್ತದ, ಇಬ್ಬರದೂ ಮುಗಿಯೋತನಕ ದೂರ ಇರ್ರಿ" ಅಂದೆ. ಆತ ಅಲ್ಲಿಯ ಸರ್ಕಾರಿ ಆಸ್ಪತ್ರೆಗೆ ಹೋದ. ಆಮೇಲೆ ಆಕೆಗೆ ನೋವು ಮರುಕಳಿಸಿಲ್ಲ.

ಇದು ನಮ್ಮ ಭಾಗದ ಗೋಳಷ್ಟೇ ಅಲ್ಲ. ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕು ಸೋಂಕುಗಳೇ 2020ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಸುಮಾರು 37.4 ಕೋಟಿ ಆಗಿದ್ದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾಲ್ಕೂ ಮದ್ದಿರುವ ರೋಗಗಳೇ. ಮದ್ದು ಮಾಡದಿದ್ದರೆ ಎಚ್‌ಐವಿ ಅಂಟುವ ಅಪಾಯವೂ ಏರುತ್ತದೆ.

ಸಿಫಿಲಿಸ್‌ನ ಲೆಕ್ಕ ಇನ್ನೂ ಕಠೋರ. ಬಸುರಿಗೆ ಇದ್ದು ಗೊತ್ತಾಗದೇ ಹೋದರೆ ಗರ್ಭಪಾತ, ಹೊಟ್ಟೆಯಲ್ಲೇ ಕೂಸಿನ ಸಾವು, ಇಲ್ಲವೇ ರೋಗ ಹೊತ್ತು ಹುಟ್ಟುವ ಮಗು. ಬೇಗ ಪತ್ತೆಯಾದರೆ ಪೆನಿಸಿಲಿನ್ ಸೂಜಿ ಸಾಕು. ಮೊದಲ ತಪಾಸಣೆಯಲ್ಲೇ ಎಚ್‌ಐವಿ ಜೊತೆ ಈ ರಕ್ತಪರೀಕ್ಷೆಯೂ ಪುಕ್ಕಟೆ ಆಗುತ್ತದೆ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ಬಸುರಿಯರಿಗೆ ಇದೇ ತಪ್ಪಿಹೋಗುತ್ತದೆ. ಟೋಳಿ ಹೊರಡುವ ಮುಂಚೆಯೇ ರಕ್ತ ಕೊಡಿಸಿ ಅಂತ ಆಶಾ ಕಾರ್ಯಕರ್ತೆಯರನ್ನು ಕಾಡುತ್ತಿರುತ್ತೇನೆ.

ದವಾಖಾನೆಗೆ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಂಜಿಕೆ ದೊಡ್ಡದು. ನನ್ನ ಕೋಣೆಯಲ್ಲಿ ಆಡಿದ್ದು ಅತ್ತೆಗಾಗಲಿ ಸರಪಂಚನಿಗಾಗಲಿ ಹೋಗುವುದಿಲ್ಲ. ಬರಲು ಆಗದವರು 1097ಕ್ಕೆ ಫೋನ್ ಮಾಡಿ, ಹೆಸರು ಹೇಳದೆಯೂ ಕೇಳಬಹುದು. ಬರುವವರು ಹಳೆಯ ಚೀಟಿಗಳನ್ನು ತನ್ನಿ, ಗಂಡನ ಫೋನ್ ನಂಬರನ್ನೂ ತನ್ನಿ.