ಹಳೆಯ ಮೋಟಾರು ಕೊಳ್ಳುವವರಿಗೆ

ನಮ್ಮ ಅಕ್ಕನವರು ಇರುವುದು ಲಿಂಗಸುಗೂರಿನಲ್ಲಿ, ನಾವು ಸಿಂಧನೂರಿನಲ್ಲಿ. ನಡುವೆ ಮಸ್ಕಿ. ಕಳೆದ ವರ್ಷ ಅವರ ತೊಡೆಯ ಎಲುಬು ಮುರಿದು ಕೂಡಿಕೊಂಡ ಮೇಲೆ ಮೊಣಕಾಲು ಪೂರ್ತಿ ಮಡಚದಂತಾಯಿತು. ಬಸ್ಸಿನ ಮೆಟ್ಟಿಲು ಅವರಿಗೆ ಪರ್ವತಾರೋಹಣವೇ ಸರಿ. ಆರು ತಿಂಗಳು ತಮ್ಮನ ಮನೆಯ ಹೊಸ್ತಿಲು ಕಾಣದ ಅವರನ್ನು ಕರೆತರುವುದಕ್ಕಾಗಿ ಹಳೆಯ ಮೋಟಾರೊಂದನ್ನು ಕೊಳ್ಳಲು ನಿಶ್ಚಯಿಸಿದೆವು. ಪಿಂಚಣಿದಾರರಾದ ನಮ್ಮ ಕೈಯಲ್ಲಿದ್ದುದು ಎರಡು ಲಕ್ಷ ರೂಪಾಯಿ. ದುರಸ್ತಿಯೂ ಅದರೊಳಗೇ ಆಗತಕ್ಕದ್ದು.

ಮೊದಲು ನಾವು ತಪ್ಪಿದೆವು. ಬಣ್ಣಕ್ಕೂ ಬೆಲೆಗೂ ಮರುಳಾಗಿ, ತಗ್ಗಾದ ಕಾರೊಂದಕ್ಕೆ ಹತ್ತು ಸಾವಿರ ಮುಂಗಡ ಕೊಟ್ಟು, ಅದನ್ನು ಅಕ್ಕನವರ ಬಾಗಿಲಿಗೆ ಒಯ್ದೆವು. ಹೇಗೋ ಕುಳಿತರು, ಏಳಲಾರದೆ, “ತಮ್ಮಾ, ಇದರಾಗಿಂದ ಏಳಬೇಕಾದರ ಬಾವಿ ಹಗ್ಗ ಬೇಕಾಗ್ತದ” ಎಂದು ನಕ್ಕರು. ಕಣ್ಣಿನಲ್ಲಿ ನೀರಿತ್ತು. ಮುಂಗಡ ಹಿಂದಿರುಗಲಿಲ್ಲ.

ಆದುದರಿಂದ ವಾಚಕರು ಯಂತ್ರವನ್ನು ನೋಡುವುದಕ್ಕೆ ಮೊದಲು, ಕೂಡತಕ್ಕವರನ್ನೇ ಕರೆದೊಯ್ದು ಕೂಡಿಸಿ ನೋಡಬೇಕು. ಆಸನವನ್ನು ಹಿಂದೆ ಸರಿಸಿ, ಬಾಗಿಲು ಮುಚ್ಚಿ, ಕಾಲು ಗಂಟೆ ಹಾಗೆಯೇ ಇರಿಸಬೇಕು. ಆಸನವು ನಿಂತವರ ಸೊಂಟಕ್ಕಿಂತ ತುಸುವೇ ಕೆಳಗಿದ್ದರೆ ಮೊಣಕಾಲಿಗೆ ಶ್ರಮವಿಲ್ಲದೆ ಜರುಗಿ ಕೂಡಬಹುದು. ಅಂಬಾಸಡರಿನ ಹಿಂದಿನ ಆಸನ ದಿವಾಣಖಾನೆಯಂತೆ ವಿಶಾಲ. ಆದರೆ ಅದರ ನಿರ್ಮಾಣ 2014ರಲ್ಲಿಯೇ ನಿಂತಿತು, ಬಿಡಿಭಾಗಗಳನ್ನು ಹುಡುಕಿ ಅಲೆಯುವ ವಯಸ್ಸು ನಮ್ಮದಲ್ಲ. 2019ರಲ್ಲಿ ನಿಂತ ಓಮ್ನಿಯಲ್ಲಿ ಮುಂದಿನ ಆಸನದ ಕೆಳಗೇ ಯಂತ್ರವಿರುವುದರಿಂದ ಏರುವುದೂ ಎತ್ತರ, ಕಾಲು ಚಾಚಲೂ ಸ್ಥಳವಿಲ್ಲ. ಎತ್ತರದ ಮಾಡಿನ ವ್ಯಾಗನ್ ಆರ್ ಅಕ್ಕನವರಿಗೆ ಒಪ್ಪಿತು.

ನಮ್ಮದು ಕಾಲುವೆಯ ನಾಡು. ತುಂಗಭದ್ರಾ ಎಡದಂಡೆಯ ಗದ್ದೆಗಳ ಕೆಸರು ತುಳಿದ, ಭತ್ತದ ಚೀಲ ಹೊತ್ತ ಗಾಡಿಗಳೂ ಮಾರಾಟಕ್ಕೆ ಬರುವುದುಂಟು. ಕಾಲ ಕೆಳಗಿನ ಹಾಸನ್ನು ಎತ್ತಿ ತಗಡಿನ ತುಕ್ಕನ್ನು ನೋಡತಕ್ಕದ್ದು. ಹತ್ತು ಮಾರು ದೂರ ನಿಂತು ಹಿಂಭಾಗ ಕುಸಿದಿದೆಯೋ ಎಂದು ಪರೀಕ್ಷಿಸತಕ್ಕದ್ದು. 29, 30ನೆಯ ನಮೂನೆಗಳಿಗೆ ಮಾರುವವನ ರುಜು ಬೇಕು. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದುದಕ್ಕೆ 35ನೆಯ ನಮೂನೆ. 15 ವರ್ಷ ತುಂಬುತ್ತ ಬಂದ ಕಾರು ಅಗ್ಗವಾಗಿ ತೋರುವುದು. ಅದರ ನೋಂದಣಿ ನವೀಕರಣದ ಶುಲ್ಕ 2022ರಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತೆಂಬುದನ್ನು ಮರೆಯಬಾರದು.

ಯುಗಾದಿಗೆ ಅಕ್ಕನವರನ್ನು ಕರೆತಂದೆವು. ಮಸ್ಕಿಯಲ್ಲಿ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನು ನಾವಾದರೂ ನೋಡಿ ಬರಬೇಕೆಂದು ಹಟ ಹಿಡಿದರು. ನಾವು ಹಿಂದಿರುಗುವಷ್ಟರಲ್ಲಿ ತಾವಾಗಿಯೇ ಬಾಗಿಲು ತೆರೆದು, ಕೋಲೂರಿ ಇಳಿದು, ಬೇವಿನ ನೆರಳಿನಲ್ಲಿ ನಿಂತಿದ್ದರು.