ಅಗ್ಗದ ಇಯರ್‌ಫೋನ್: ಹತ್ತಿರದ ತಯಾರಕರಿಂದ ಖರೀದಿಸಿದರೆ ಲೆಕ್ಕವೇನು?

ಮಲೆನಾಡಿನ ಮೊಬೈಲ್ ಅಂಗಡಿಗಳಲ್ಲಿ ತಂತಿಯ ಇಯರ್‌ಫೋನ್ ಇಂದಿಗೂ ಚಲಾವಣೆಯಲ್ಲಿರುವ ಸರಕು. ನಗರದ ವರ್ತಕ ಬಾಂಧವರಿಗೆ ಇದು ಆಶ್ಚರ್ಯವೆನಿಸಬಹುದು. ಆದರೆ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ಕೈಕೊಡುವ ನಾರ್ವೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ, ಪ್ರತ್ಯೇಕವಾಗಿ ಚಾರ್ಜ್ ಮಾಡಬೇಕಾಗಿಲ್ಲದ ಸಾಧನಕ್ಕೆ ತನ್ನದೇ ಆದ ಬೆಲೆಯಿದೆ. ಎಫ್‌ಎಂ ಸೌಲಭ್ಯವಿರುವ ಸಾಧಾರಣ ಫೋನುಗಳಲ್ಲಿ ಇಯರ್‌ಫೋನಿನ ತಂತಿಯೇ ಆಂಟೆನಾ ಆಗಿಯೂ ಕೆಲಸ ಮಾಡುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂರುವವರು ಈ ಸರಕಿನ ಒಳ್ಳೆಯ ಗ್ರಾಹಕರು.

ಈ ಭಾಗದ ವರ್ತಕರೊಬ್ಬರ ವರ್ಷಾಂತ್ಯದ ದಾಸ್ತಾನು ಪರಿಶೀಲಿಸುವಾಗ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರಲ್ಲಿ ಗ್ರಾಹಕರು ಹಿಂದಿರುಗಿಸಿದ 61 ಇಯರ್‌ಫೋನುಗಳಿದ್ದವು. ಒಂದು ಕಡೆಯ ಧ್ವನಿ ನಿಂತದ್ದು, ಮೈಕ್ ಕೆಲಸ ಮಾಡದ್ದು, ಪಿನ್ನಿನ ಬುಡದಲ್ಲಿ ತಂತಿ ತುಂಡಾದದ್ದು. ನಗವೊಂದಕ್ಕೆ 55 ರೂಪಾಯಿಯಂತೆ 200 ನಗಗಳನ್ನು ಬಿಲ್ ಇಲ್ಲದೆ ಖರೀದಿಸಲಾಗಿತ್ತು. ಮಾರಾಟದ ದರ 120 ರೂಪಾಯಿ. “ನೂರಕ್ಕೆ ನೂರು ಲಾಭದ ಸರಕು ಸಾರ್ ಇದು” ಎಂದು ಅವರು ಹೇಳಿದ್ದು ನನಗೆ ನೆನಪಿದೆ. ಕಾಗದದ ಮೇಲೆ ಅದು ಸರಿಯೇ.

ವಾಸ್ತವ ಲೆಕ್ಕ ಬೇರೆ. 61 ನಗಗಳಿಗೆ ಬದಲಿ ಕೊಟ್ಟದ್ದರಿಂದ ಹಣ ಬಂದದ್ದು 139ಕ್ಕೆ ಮಾತ್ರ, ಅಂದರೆ 16,680 ರೂಪಾಯಿ. ಹಾಕಿದ ಬಂಡವಾಳ 11,000 ಕಳೆದರೆ ಉಳಿದದ್ದು 5,680. ಖರೀದಿ ಬಿಲ್ ಇಲ್ಲವಾದ್ದರಿಂದ ಹಾಳಾದ ಸರಕನ್ನು ಯಾರಿಗೆ ಹಿಂದಿರುಗಿಸುವುದು? ಇದಲ್ಲದೆ ಪುಸ್ತಕದಲ್ಲಿ ಖರೀದಿಯೇ ಕಾಣದ ಸರಕು ಅಂಗಡಿಯಲ್ಲಿ ಸಿಕ್ಕರೆ ತೆರಿಗೆ ಅಧಿಕಾರಿಗಳಿಗೆ ಏನು ಉತ್ತರ ಹೇಳುವುದೆಂಬ ಆತಂಕ ಸದಾ ಇದ್ದೇ ಇರುತ್ತದೆ.

ಈಗ ಬಿಲ್ ಸಹಿತ, ಖಾತರಿ ಸಹಿತ ಬರುವ ಸರಕನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೂಲ ದರ 140, ಅದರ ಮೇಲೆ ಶೇ. 18ರ ಜಿಎಸ್‌ಟಿ 25.20, ಒಟ್ಟು 165.20 ರೂಪಾಯಿ. ಮಾರಾಟದ ದರ ತೆರಿಗೆ ಸೇರಿ 249 ಇರಲಿ. ಸಾಮಾನ್ಯ ನೋಂದಣಿಯ ವರ್ತಕರಿಗೆ ಇದರಲ್ಲಿ 37.98 ತೆರಿಗೆಗೆ ಹೋಗಿ 211.02 ಉಳಿಯುತ್ತದೆ, ಹೂಡುವಳಿ ತೆರಿಗೆ ದೊರೆಯುವುದರಿಂದ ಲಾಭ 71.02. ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿಯ ವರ್ತಕರಿಗೆ ಹೂಡುವಳಿ ತೆರಿಗೆ ಸಿಗದು. ಆದರೆ ವಹಿವಾಟಿನ ಮೇಲೆ ಶೇ. 1 ಮಾತ್ರ ಕಟ್ಟುವುದರಿಂದ ಲಾಭ 81.31 ಆಗುತ್ತದೆ. ಈ ಪದ್ಧತಿಯವರು ಹೊರ ರಾಜ್ಯಕ್ಕೆ ಮಾರುವಂತಿಲ್ಲ, ಹೊರ ರಾಜ್ಯದಿಂದ ಖರೀದಿಸಲು ಅಡ್ಡಿಯಿಲ್ಲ. ಇದನ್ನು ತಪ್ಪಾಗಿ ತಿಳಿದು ಹೈದರಾಬಾದ್, ಚೆನ್ನೈ ಸರಕನ್ನು ದೂರವಿಟ್ಟವರನ್ನು ನಾನು ಕಂಡಿದ್ದೇನೆ.

ನಮ್ಮ ವರ್ತಕರು ರಾಜಿ ತೆರಿಗೆಯವರು. ಅವರು ಇಂತಹ 70 ನಗಗಳನ್ನು ಮಾರಿದರೆ 5,691 ರೂಪಾಯಿ ಲಾಭ; ತೊಡಗಿಸಬೇಕಾದ ಹಣ 11,564. ಹೆಚ್ಚುಕಡಿಮೆ ಅದೇ ಬಂಡವಾಳ, ಅದೇ ಲಾಭ. ಪಾರ್ಸೆಲ್ ವೆಚ್ಚ 400 ಬಂದರೆ ಇನ್ನೈದು ನಗ ಮಾರಬೇಕು. ಪ್ರಶ್ನೆ ಇರುವುದು 120 ಕೊಡುತ್ತಿದ್ದ ಗ್ರಾಹಕ 249 ಕೊಡುವನೇ ಎಂಬುದರಲ್ಲಿ. ಎಲ್ಲರೂ ಕೊಡುವುದಿಲ್ಲ. ಆದರೆ 200 ಜನರ ಪೈಕಿ 75 ಜನ ಕೊಟ್ಟರೆ ಸಾಕೆಂಬುದು ಈ ಲೆಕ್ಕದ ಅರ್ಥ.

ಇನ್ನು ‘ಹತ್ತಿರದ ತಯಾರಕ’ ಯಾರು? ಹೆಸರು ನಮ್ಮದೆಂದ ಮಾತ್ರಕ್ಕೆ ತಯಾರಿಕೆ ನಮ್ಮಲ್ಲಿ ಆಗಿರಬೇಕೆಂದಿಲ್ಲ. ಜೆಬ್ರಾನಿಕ್ಸ್ ಚೆನ್ನೈನದು, ಪಿಟ್ರಾನ್ ಮತ್ತು 2015ರಲ್ಲಿ ಆರಂಭವಾದ ಮಿವಿ ಹೈದರಾಬಾದಿನವು. ಬೋಟ್ ಹೆಸರಿನ ಇಮ್ಯಾಜಿನ್ ಮಾರ್ಕೆಟಿಂಗ್ 2022ರಲ್ಲಿ ಡಿಕ್ಸನ್ ಟೆಕ್ನಾಲಜೀಸ್ ಜೊತೆ ಜಂಟಿ ಸಂಸ್ಥೆ ಕಟ್ಟಿತು, ಅದೂ ಮುಖ್ಯವಾಗಿ ತಂತಿರಹಿತ ಸಾಧನಗಳಿಗಾಗಿ. ಆದ್ದರಿಂದ ಬ್ರಾಂಡ್ ನೋಡುವುದಕ್ಕಿಂತ ಪೊಟ್ಟಣದ ಹಿಂಬದಿ ಓದುವುದು ಒಳ್ಳೆಯದು. 2011ರ ಕಾನೂನು ಮಾಪನ (ಪೊಟ್ಟಣ ಸಾಮಗ್ರಿ) ನಿಯಮಗಳ ಪ್ರಕಾರ ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು ವಿಳಾಸ, ಆಮದಾಗಿದ್ದರೆ ಮೂಲ ದೇಶ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸುವ ವಿಳಾಸ ನಮೂದಾಗಿರಬೇಕು. ‘ಮಾರಾಟಗಾರರು’ ಎಂದಷ್ಟೇ ದಪ್ಪಕ್ಷರದಲ್ಲಿದ್ದು ತಯಾರಕರ ಸಾಲು ಸಣ್ಣಕ್ಷರದಲ್ಲಿದ್ದರೆ ಸಣ್ಣಕ್ಷರವನ್ನೇ ಓದಬೇಕು.

ಪೂರ್ಣ ಸ್ವದೇಶಿ ಎಂಬುದೂ ಸುಲಭವಲ್ಲ. ಇಯರ್‌ಫೋನಿನೊಳಗಿನ ಪುಟ್ಟ ಅಯಸ್ಕಾಂತ ಸಾಮಾನ್ಯವಾಗಿ ನಿಯೋಡೈಮಿಯಂನದು, ಅದರಲ್ಲಿ ಚೀನಾದ್ದೇ ಮೇಲುಗೈ. 2025ರ ಏಪ್ರಿಲ್‌ನಲ್ಲಿ ಆ ದೇಶ ಏಳು ವಿರಳ ಭಸ್ಮ ಧಾತುಗಳ ಹಾಗೂ ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ನಮ್ಮ ಧ್ವನಿ ಸಾಧನ ತಯಾರಕರೂ ಕಷ್ಟಕ್ಕೆ ಸಿಲುಕಿದರು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇಂತಹ ಅಯಸ್ಕಾಂತಗಳ ದೇಶೀ ತಯಾರಿಕೆಗೆ 7,280 ಕೋಟಿ ರೂಪಾಯಿಗಳ ಯೋಜನೆ ಮಂಜೂರು ಮಾಡಿತು. ಸರ್ಕಾರಿ ಖರೀದಿಯಲ್ಲಿ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರನೆನಿಸಲು ಶೇ. 50ರಷ್ಟು ಸ್ಥಳೀಯ ಮೌಲ್ಯ ಬೇಕು. ನಮ್ಮ ಖರೀದಿಗೂ ಅದೇ ಅಳತೆಗೋಲನ್ನು ಇಟ್ಟುಕೊಂಡು ತಯಾರಕರಿಂದ ಲಿಖಿತ ಉತ್ತರ ಕೇಳಬಹುದು.

ಸರಕಿನ ಗುಣ ನೋಡುವಾಗ ಡ್ರೈವರ್ 10 ಮಿಲಿಮೀಟರ್ ಎಂಬ ಜಾಹೀರಾತಿಗಿಂತ ಪಿನ್ನಿನ ಬುಡದ ರಬ್ಬರ್ ಕೊರಳು ಮುಖ್ಯ. ಹಾಳಾಗುವುದು ಬಹುಪಾಲು ಅಲ್ಲೇ. ಆ ಪೆಟ್ಟಿಗೆಯ 61ರಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲೇ ಸೋತಿದ್ದವು. ಪ್ರತಿರೋಧ 16 ಅಥವಾ 32 ಓಮ್ ಇದ್ದರೆ ಸಾಮಾನ್ಯ ಫೋನಿಗೆ ಸಾಕು. ಟೈಪ್-ಸಿ ಪಿನ್ನಿನವನ್ನು ಎಚ್ಚರದಿಂದ ಖರೀದಿಸಬೇಕು: ಧ್ವನಿ ಪರಿವರ್ತಕ ಚಿಪ್ ಒಳಗಿಲ್ಲದ ಅಗ್ಗದ ಸರಕು ಕೆಲವು ಫೋನುಗಳಲ್ಲಿ ಮಾತ್ರ ನಡೆಯುತ್ತದೆ. ಮೊದಲು ಹತ್ತು ನಗ ತರಿಸಿ, ನಾಲ್ಕಾರು ಬಗೆಯ ಫೋನುಗಳಲ್ಲಿ ಮೈಕ್ ಸಹಿತ ಪರೀಕ್ಷಿಸಿ ನಂತರ ದೊಡ್ಡ ಆರ್ಡರ್ ಕೊಡುವುದು ಉಚಿತ.

ಖಾತರಿಯ ಬದಲಿ ಸರಕಿನ ತೆರಿಗೆಯ ಬಗ್ಗೆ ಇದ್ದ ಗೊಂದಲ ಈಗ ಇಲ್ಲ. 2023ರ ಜುಲೈ ಸುತ್ತೋಲೆ ಸಂಖ್ಯೆ 195 ಹಾಗೂ 2024ರ ಜೂನ್‌ನ ಸುತ್ತೋಲೆ ಸಂಖ್ಯೆ 216ರ ಪ್ರಕಾರ, ಖಾತರಿಯ ಅವಧಿಯಲ್ಲಿ ಶುಲ್ಕವಿಲ್ಲದೆ ಕೊಡುವ ಬದಲಿಗೆ ಮತ್ತೆ ಜಿಎಸ್‌ಟಿ ಇಲ್ಲ, ಹೂಡುವಳಿ ತೆರಿಗೆಯನ್ನು ಹಿಂದಿರುಗಿಸಬೇಕಾಗಿಲ್ಲ.

ತಯಾರಕನಿಂದ ನೇರ ಖರೀದಿಸುವವರು ಒಂದು ವಿಷಯ ಗಮನಿಸಬೇಕು. ಆತ ಉದ್ಯಮ್ ನೋಂದಣಿಯ ಅತಿಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ 15 ದಿನ, ಇದ್ದರೆ ಗರಿಷ್ಠ 45 ದಿನದೊಳಗೆ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024-25ರ ಕರ ನಿರ್ಧಾರಣಾ ವರ್ಷದಿಂದ, ಹಾಗೆ ತಡವಾಗಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತ ಆ ವರ್ಷದ ಖರ್ಚಾಗಿಯೂ ಒಪ್ಪಿತವಾಗುವುದಿಲ್ಲ. ಶಿವಮೊಗ್ಗದ ಸಗಟು ವರ್ತಕರಿಂದ ಕೊಂಡರೆ ಈ ನಿಯಮ ತಟ್ಟುವುದಿಲ್ಲ. ಅಡಿಕೆ ಹಣ ಬಂದ ಮೇಲೆ ಲೆಕ್ಕ ಚುಕ್ತಾ ಮಾಡುವ ನಮ್ಮ ಕಡೆಯ ರೂಢಿಗೆ 45 ದಿನ ಬಿಗಿಯೆನಿಸುವುದು ಸಹಜ. ಆದ್ದರಿಂದ ಸಣ್ಣ ಆರ್ಡರ್, ಪದೇ ಪದೇ ಎಂಬ ಕ್ರಮವನ್ನೇ ನಾನು ಸಲಹೆ ಮಾಡುವುದು.

ಮೇಲೆ ಹೇಳಿದ ವರ್ತಕರು ಮೊದಲ ಕಂತಾಗಿ 50 ನಗಗಳನ್ನು ಮಾತ್ರ ತರಿಸಿದ್ದಾರೆ. ಹಳೆಯ ರಟ್ಟಿನ ಪೆಟ್ಟಿಗೆಯನ್ನು ಖಾಲಿ ಮಾಡಿ ಅದೇ ಮೂಲೆಯಲ್ಲಿ ಇಟ್ಟಿದ್ದಾರೆ. ಹಿಂದಿರುಗಿ ಬರುವ ಪ್ರತಿಯೊಂದರ ಮೇಲೂ ಮಾರಿದ ದಿನಾಂಕ, ದೋಷ ಮತ್ತು ಬಿಲ್ ಸಂಖ್ಯೆಯ ಚೀಟಿ ಅಂಟಿಸುವಂತೆ ಅಂಗಡಿಯ ಹುಡುಗನಿಗೆ ಹೇಳಲಾಗಿದೆ.